ಬಿಡೋಕೆ ಆಗೋದು ಕಾಲೇಜು ಒಂದೇ

ರೋಗಿಗಳ, ವಯಸ್ಸಾದವರ, ಮಕ್ಕಳ ಆರೈಕೆ ಕಲಿಸುವ ಮೈಸೂರಿನ ಒಂದು ವೃತ್ತಿಶಿಕ್ಷಣ ಕಾಲೇಜಿಗೆ ನಾನು ಆಪ್ತಸಲಹೆಗೆ ಹೋಗುತ್ತೇನೆ. ಅಲ್ಲಿನ ಟೀಚರುಗಳು ಕಳಿಸುವ ಚೀಟಿಗಳಲ್ಲಿ ಒಂದು ಮಾತು ಪದೇಪದೇ ಇರುತ್ತದೆ: 'ವಾರ್ಡ್ ಪೋಸ್ಟಿಂಗ್ ಶುರುವಾದ ಮೇಲೆ ಕೋರ್ಸ್ ಬಿಡುತ್ತೇನೆ ಅನ್ನುತ್ತಿದ್ದಾಳೆ. ಅಸಹ್ಯ ಇರಬಹುದು.' ವಾರ್ಡ್ ಪೋಸ್ಟಿಂಗ್ ಅಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುತ್ತಾ ಕಲಿಯುವುದು. ಬೆಡ್‌ಪ್ಯಾನ್, ವಾಂತಿ ನೋಡಿ ಹಿಂದೆ ಸರಿಯುವ ಮಕ್ಕಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವರಿಗೆ ಸ್ವಲ್ಪ ದಿನ ಕೊಟ್ಟರೆ ಹೆಚ್ಚಿನವರು ಸರಿಹೋಗುತ್ತಾರೆ. ನಾನು ಬರೆಯುತ್ತಿರುವುದು ಇನ್ನೊಂದು ಗುಂಪಿನ ಬಗ್ಗೆ. ಇವರು ವಾರ್ಡಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ. ಆಮೇಲೆ ಬಿಡ್ತೀನಿ ಅನ್ನುತ್ತಾರೆ.

ಭಾಗ್ಯ ಅಂತ ಕರೆಯೋಣ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದಷ್ಟು ವಿವರ ಬದಲಿಸಿದ್ದೇನೆ. ಮಂಡ್ಯ ಕಡೆಯ ಹಳ್ಳಿ, ವಯಸ್ಸು 19. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತಲ್ಲ, ಮೈಸೂರಿಗೆ ಓದಲು ಕಳಿಸಲು ಮನೆಯವರು ಒಪ್ಪಿದ್ದು ಆಮೇಲೆ. ಅಪ್ಪನಿಗೆ ಕಬ್ಬಿನ ಗದ್ದೆ, ಅವ್ವನಿಗೆ ಹಸು, ಡೈರಿ. ಅಣ್ಣ ಮಂಡ್ಯದ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅಜ್ಜಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಒಂಬತ್ತನೇ ಕ್ಲಾಸಿನಿಂದ ಅಜ್ಜಿಯ ಕೆಲಸವೆಲ್ಲ ಭಾಗ್ಯಳದ್ದೇ.

ಯಾಕೆ ಬಿಡ್ತೀಯ ಅಂತ ನಾನು ಮೊದಲೇ ಕೇಳುವುದಿಲ್ಲ. ಕೇಳಿದರೆ ಮಕ್ಕಳು ನಮಗೆ ಹಿಡಿಸುವ ಉತ್ತರ ಹುಡುಕುತ್ತಾರೆ. 'ನಿನ್ನೆ ಎದ್ದಾಗಿನಿಂದ ಮಲಗೋವರೆಗೂ ಏನೇನು ಮಾಡಿದೆ, ಹೇಳು' ಅಂದೆ.

ಐದು ಗಂಟೆಗೆ ಮೊದಲೇ ಎದ್ದಳಂತೆ. ಅಜ್ಜಿಯ ಬಟ್ಟೆ ಬದಲಿಸಿ, ಮೈ ಒರೆಸಿ, ಗಂಜಿ ಕುಡಿಸಿ ಬಸ್ಸು ಹಿಡಿದಳು. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ವಾರ್ಡಿನ ವಿಷಯ ಬಂದ ಕೂಡಲೇ ಹುಡುಗಿಯ ಮಾತೇ ಬೇರೆಯಾಯಿತು. ಗ್ಲೌಸ್ ಹಾಕುವುದು, ಸೋಪು ಹಾಕಿ 40ರಿಂದ 60 ಸೆಕೆಂಡು ಕೈ ತೊಳೆಯುವುದು, ಟೆಂಪರೇಚರ್, ಪಲ್ಸ್ ನೋಡಿ ಚಾರ್ಟಿನಲ್ಲಿ ಬರೆಯುವುದು, ಎಲ್ಲವನ್ನೂ ಕೈ ಮಾಡಿ ತೋರಿಸುತ್ತಾ ಹೇಳಿದಳು. ಹಾಸಿಗೆ ಹುಣ್ಣು ಆಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಲ್ಲ, ಅದನ್ನು ಹೇಳುವಾಗ ಸ್ವಲ್ಪ ನಿಂತಳು.

'ಅಲ್ಲಿ ಇಬ್ರು ಹಿಡ್ಕೋತೀವಿ ಮೇಡಂ. ಈ ಕಡೆ ಒಬ್ರು, ಆ ಕಡೆ ಒಬ್ರು. ಅಡಿಗೆ ಬೆಡ್‌ಶೀಟ್ ಇರ್ತದೆ, ಅದನ್ನ ಹಿಡ್ಕಂಡು ಎಳೀತೀವಿ. ಸೊಂಟ ನೋಯಲ್ಲ.'

'ಮನೇಲಿ?'

'ಮನೇಲಿ ನಾನೊಬ್ಳೇ.' ಆಮೇಲೆ ನಾನು ಕೇಳದೆಯೇ ಹೇಳಿದಳು: 'ವಾರ್ಡಲ್ಲಿ ಎರಡು ಗಂಟೆಗೆ ಡ್ಯೂಟಿ ಮುಗೀತದೆ. ಮುಂದಿನವ್ರಿಗೆ ಹೇಳಿ, ಬುಕ್ಕಲ್ಲಿ ಬರೆದು ಹೊಂಟ್ಬುಡ್ತೀವಿ.'

'ಹಾಗಾದರೆ ವಾರ್ಡು ನಿನಗೆ ಇಷ್ಟ. ಮತ್ತೆ ಬಿಡೋದು ಯಾಕಮ್ಮ?'

ನನಗೇ ತಿಳುವಳಿಕೆ ಸಾಲದು ಅನ್ನುವ ಹಾಗೆ ನೋಡಿದಳು. 'ಎರಡೂ ಮಾಡಕ್ಕಾಯ್ತಿಲ್ಲ ಮೇಡಂ. ಯಾವ್ದಾರ ಒಂದು ಬುಡ್ಬೇಕಲ್ಲ. ಅಜ್ಜೀನ ಬುಡಕ್ಕಾಯ್ತದಾ? ಬುಡಕ್ಕಾಗೋದು ಕಾಲೇಜೊಂದೇ.'

ಈ ಮಾತು ಕೇಳಿದ ಮೇಲೆ ಅಸಹ್ಯ, ಭಯ, ಓದಿನಲ್ಲಿ ಆಸಕ್ತಿ ಇಲ್ಲ ಎಂಬ ಊಹೆಗಳಿಗೆಲ್ಲ ಅರ್ಥ ಉಳಿಯಲಿಲ್ಲ. ಅವಳಿಗೆ ರಾತ್ರಿ ನಿದ್ದೆ ಇಲ್ಲ, ಸೊಂಟ ನೋವು, ಕೈ ಹಿಡಿಯುವವರು ಇಲ್ಲ. ಇಷ್ಟೇ. ಆದರೆ ಮನೆಯಲ್ಲಿ ಇದನ್ನು ಯಾರೂ ಕಷ್ಟ ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ. 'ಅವಳ ಹುಟ್ಟುಗುಣ ಮೇಡಂ, ಸೇವೆ ಮಾಡೋ ಕೈ' ಅಂತ ಕಾಲೇಜಿನಲ್ಲೂ ಹೊಗಳಿದ್ದರು. ಈ ಹೊಗಳಿಕೆ ಕಂಡರೆ ನನಗೆ ಆಗುವುದಿಲ್ಲ. ಹುಟ್ಟುಗುಣ ಅಂದುಬಿಟ್ಟರೆ ರಜೆ ಕೊಡಬೇಕಿಲ್ಲ, ದುಡ್ಡು ಕೊಡಬೇಕಿಲ್ಲ, ಜೊತೆಗೆ ಇನ್ನೊಬ್ಬರನ್ನು ಹಾಕಬೇಕಿಲ್ಲ.

ನಾನು ಕೊಟ್ಟ ಸಲಹೆ ಇದು. ಕಾಲೇಜು ಬಿಡಬೇಡ. ಅಜ್ಜಿಯನ್ನೂ ಬಿಡಬೇಡ. ಒಬ್ಬಳೇ ನೋಡಿಕೊಳ್ಳುವುದನ್ನು ಮಾತ್ರ ಬಿಡು. ಸೊಂಟಕ್ಕೆ ಬಿಡುವು ಸಿಗಲಿ, ಪೋಸ್ಟಿಂಗ್‌ನಲ್ಲಿ ಕೆಲವು ವಾರ ಮಕ್ಕಳ ವಿಭಾಗ ಮೊದಲು ಕೊಡಿ ಅಂತ ಕಾಲೇಜಿಗೆ ಹೇಳಿದೆ, ಅವರು ಒಪ್ಪಿದರು. ಆಮೇಲೆ ಮನೆಯವರನ್ನು ಕರೆಸಿ, ಅಜ್ಜಿಯ ಕೆಲಸವನ್ನು ಅಣ್ಣನೂ ಹಂಚಿಕೊಳ್ಳಲಿ ಅಂದೆ.

ಅಪ್ಪ ಮಾತಾಡಲಿಲ್ಲ. ಅವ್ವ ನೇರವಾಗಿ ಹೇಳಿದರು: 'ಗಂಡುಹುಡ್ಗ, ಅವ್ನೆಂಗ್ ಮಾಡಾನು ಮೇಡಂ? ಇವ್ಳ್ ಕೈಲಾದ್ರೇ ನಮ್ಮತ್ತೆ ಉಣ್ಣೋದು.' ಆಸ್ಪತ್ರೆಗಳಲ್ಲಿ ಗಂಡು ನರ್ಸ್‌ಗಳು ಇದೇ ಕೆಲಸ ಮಾಡುತ್ತಾರೆ ಅಂದೆ. ಆದರೂ ಅಜ್ಜಿಗೆ ನಾಚಿಕೆ ಇರುತ್ತದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಹಾಗಾಗಿ ಹೀಗೆ ಹಂಚಿದೆವು: ಬಟ್ಟೆ ಬದಲಿಸುವುದು, ಮೈ ಒರೆಸುವುದು ಅವ್ವ ಮತ್ತು ಭಾಗ್ಯ ಸರದಿಯಲ್ಲಿ. ಮಗ್ಗುಲು ಬದಲಿಸುವುದು, ತಲೆ ಎತ್ತಿ ಕೂರಿಸಿ ಊಟ ಮಾಡಿಸುವುದು, ರಾತ್ರಿ ಏಳುವುದು ಅಪ್ಪ ಮತ್ತು ಅಣ್ಣ. ಅವರಿಗೆ ಕಲಿಸುವವಳು ಭಾಗ್ಯ. ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಾಡಿ ತೋರಿಸುವ ಹಾಗೆಯೇ ಮನೆಯಲ್ಲೂ ಮಾಡಿ ತೋರಿಸಬೇಕು. ಅಣ್ಣ ಅದನ್ನು ಅವಳ ಮುಂದೆ ಮತ್ತೆ ಮಾಡಬೇಕು.

ಇದಕ್ಕೆ ನನ್ನ ಮೇಲೆ ಆಕ್ಷೇಪ ಬಂದಿದೆ. ಹುಡುಗಿಯ ಓದಿನ ಸಮಸ್ಯೆ ಕೇಳಿದರೆ ನೀವು ಸಂಸಾರದೊಳಗೆ ಕೈ ಹಾಕಿದಿರಿ ಅಂತ ಜೊತೆಯವರೊಬ್ಬರು ಹೇಳಿದರು. ಹೌದು, ಹಾಕಿದೆ. ಸಮಸ್ಯೆ ಇದ್ದದ್ದು ಅಲ್ಲೇ ಅಲ್ವಾ? ಟೈಮ್‌ಟೇಬಲ್ ಮಾಡಿಕೊಟ್ಟು, ಉಸಿರಾಟದ ವ್ಯಾಯಾಮ ಹೇಳಿ ಕಳಿಸಿದ್ದರೆ ರಾತ್ರಿ ಎದ್ದು ಮಗ್ಗುಲು ಬದಲಿಸುವವರು ಯಾರು? ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಬಂದ ಕಾನೂನು ಕೂಡ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಲ್ಲರನ್ನೂ ಹೊಣೆ ಮಾಡುತ್ತದೆ, ಆದರೆ 18 ತುಂಬದವರನ್ನು ಹೊರಗಿಡುತ್ತದೆ. ಭಾಗ್ಯ ಈ ಕೆಲಸ ಶುರು ಮಾಡಿದಾಗ ಅವಳಿಗೆ 14. ಇಂಗ್ಲೆಂಡಿನಲ್ಲಿ 2014ರ ಒಂದು ಕಾನೂನಿನ ಪ್ರಕಾರ, ಮನೆಯಲ್ಲಿ ಇಂಥ ಆರೈಕೆ ಮಾಡುವ ಮಕ್ಕಳಿಗೆ ಏನು ನೆರವು ಬೇಕು ಅಂತ ಸ್ಥಳೀಯ ಆಡಳಿತವೇ ವಿಚಾರಿಸಬೇಕು. ನಮ್ಮಲ್ಲಿ ಅಡ್ಮಿಷನ್ ಫಾರಂನಲ್ಲಿ ಒಂದು ಪ್ರಶ್ನೆ ಸೇರಿಸಿದರೂ ಸಾಕು: ಮನೆಯಲ್ಲಿ ನೀನು ಯಾರನ್ನು ನೋಡಿಕೊಳ್ಳುತ್ತಿದ್ದೀಯ? ಈ ಕೋರ್ಸಿಗೆ ಬರುವ ಎಷ್ಟೋ ಹುಡುಗಿಯರನ್ನು 'ಹೆಂಗೂ ಅಭ್ಯಾಸ ಇದೆ' ಅಂತಲೇ ಸೇರಿಸಿರುತ್ತಾರೆ.

ಆರೈಕೆ ಅನ್ನುವುದು ಕೆಲಸ ಅಂತ ಒಪ್ಪಲು ನಮಗೆ ಕಷ್ಟ. ಇದೇ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ 1975ರಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದವು. ಮಕ್ಕಳನ್ನು ನೋಡಿಕೊಳ್ಳುವ ಆ ಹೆಂಗಸರಿಗೆ ಇವತ್ತಿಗೂ ಕೊಡುವುದು ಗೌರವಧನವೇ.

ಭಾಗ್ಯಳ ಮನೆಯಲ್ಲಿ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಅಣ್ಣನ ಕೈಯಲ್ಲಿ ಅಜ್ಜಿ ಕೆಲವು ದಿನ ಬಾಯಿ ತೆರೆಯಲಿಲ್ಲ. ಅಪ್ಪ ಈಗಲೂ ರಾತ್ರಿ ಏಳುವುದು ಅಪರೂಪ. ಅಣ್ಣ ಮಾತ್ರ ಹೆಚ್ಚಿನ ರಾತ್ರಿ ಏಳುತ್ತಾನೆ, ಗೊಣಗುತ್ತಾ ಏಳುತ್ತಾನೆ. ಭಾಗ್ಯ ಕೋರ್ಸ್ ಬಿಡಲಿಲ್ಲ. ಮಕ್ಕಳ ವಿಭಾಗದಲ್ಲಿ, ವರ್ಷ ತುಂಬದ ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿ ಉಸಿರು ಕಟ್ಟಿದರೆ ಬೆನ್ನಿಗೆ ಐದು ಏಟು, ಎದೆಗೆ ಐದು ಸಲ ಒತ್ತುವುದನ್ನು ಕಲಿತು ಬಂದು ನನ್ನ ಟೇಬಲ್ಲಿನ ಮೇಲಿದ್ದ ಹ್ಯಾಂಡ್‌ಬ್ಯಾಗಿನ ಮೇಲೆ ಮಾಡಿ ತೋರಿಸಿದಳು.

ಈಚೆಗೆ ಹೊಸ ಸಮಸ್ಯೆ ತಂದಿದ್ದಳು. ಕುವೆಂಪುನಗರದಲ್ಲಿ ಅವಳ ದೂರದ ನೆಂಟರಿದ್ದಾರೆ. ಮಕ್ಕಳು ಅಮೆರಿಕಾದಲ್ಲಿ. ಕೋರ್ಸ್ ಮುಗಿದ ಮೇಲೆ ನಮ್ಮನೇಲೇ ಇದ್ದುಕೊಂಡು ನಮ್ಮಮ್ಮನನ್ನು ನೋಡ್ಕೋ, ಮನೆ ಮಗಳ ಥರ ಇರು ಅಂತ ಆ ಮಕ್ಕಳು ಹೇಳಿದರಂತೆ. 'ಎಷ್ಟು ಕೇಳ್ಬೇಕು ಮೇಡಂ?' ಅಂದಳು. ಮೊತ್ತ ಆಮೇಲೆ, ಮೊದಲು ದಿನಕ್ಕೆ ಎಷ್ಟು ಗಂಟೆ ಅಂತ ಕೇಳು, ವಾರಕ್ಕೊಂದು ರಜೆ ಅಂತ ಹೇಳು, ಎರಡನ್ನೂ ಬರೆಸಿಕೋ ಅಂದೆ. ನೆಂಟರ ಹತ್ತಿರ ಹೇಗೆ ಬರೆಸಿಕೊಳ್ಳುವುದು ಅಂತ ಅವಳು ಇನ್ನೂ ಯೋಚನೆ ಮಾಡುತ್ತಿದ್ದಾಳೆ.