ತೋಟಕ್ಕೊಂದು ಎಟಿವಿ: ಮೂರು ಆಸೆ, ಒಂದು ಸಾಲ

ವಯಸ್ಸು 21. ಇಂಜಿನಿಯರಿಂಗ್ ಮೂರನೇ ವರ್ಷ. ಊರು ಮಲೆನಾಡಿನ ಕಾಫಿ-ಅಡಿಕೆ ಸೀಮೆ, ಮನೆಗೆ ನಾಲ್ಕೂವರೆ ಎಕರೆ ತೋಟ. ಗುರುತು ಸಿಗಬಾರದೆಂದು ಊರು, ಕಾಲೇಜು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇವೆ.

ಹುಡುಗ ನಮ್ಮ ಬಳಿ ಸಲಹೆಗೆ ಬಂದದ್ದು ನಿದ್ದೆ ಬರುತ್ತಿಲ್ಲ ಎಂಬ ದೂರು ಹೇಳಿಕೊಂಡು. ಓದಲು ಕೂತರೆ ಒಂದೇ ಯೋಚನೆ. ಊರಿನ ಹತ್ತಿರ ಹೋಂಸ್ಟೇ ಮುಚ್ಚಿದವರೊಬ್ಬರು 250 ಸಿಸಿ ಸೆಕೆಂಡ್ ಹ್ಯಾಂಡ್ ಎಟಿವಿಯನ್ನು (ಬೈಕಿನಂತೆ ಹ್ಯಾಂಡಲ್ ಇರುವ, ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಗಾಡಿ) 1,30,000 ರೂಪಾಯಿಗೆ ಕೊಡುತ್ತೇವೆಂದಿದ್ದಾರೆ. ಭಾನುವಾರದೊಳಗೆ 10,000 ಅಡ್ವಾನ್ಸ್ ಬೇಕು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ. ಕೈಯಲ್ಲಿ 60,000 ಇದೆ: ಮೂರು ತಿಂಗಳ ಇಂಟರ್ನ್‌ಶಿಪ್‌ನ 36,000, ಮನೆಪಾಠದಿಂದ ಕೂಡಿಟ್ಟ 24,000. ಉಳಿದ 70,000ಕ್ಕೆ ಸಾಲದ ಆ್ಯಪ್ ಒಂದು ಆಗಲೇ ಒಪ್ಪಿಗೆ ಕೊಟ್ಟಿದೆ. "ತಗೊಳ್ಳಲಾ ಬೇಡವಾ, ನೀವೇ ಹೇಳಿಬಿಡಿ ಮೇಡಂ" ಎಂದ.

ಇಂಥ ಪ್ರಶ್ನೆಗೆ ಮೊದಲ ಭೇಟಿಯಲ್ಲೇ ಬೇಕು, ಬೇಡ ಎಂದು ಉತ್ತರಿಸುವುದು ತಪ್ಪು. ಬೇಡ ಎಂದರೆ ಮನೆಯಲ್ಲಿ ಕೇಳಿದ ಮಾತನ್ನೇ ಇಲ್ಲೂ ಕೇಳಿದಂತಾಗಿ ಹುಡುಗ ಎದ್ದು ಹೋಗುತ್ತಾನೆ. ಮೊದಲು ಗಡುವನ್ನು ಬದಿಗಿಟ್ಟೆವು. ಗಾಡಿ ನೋಡದೆ, ಷರತ್ತು ಬರೆದ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಹತ್ತು ದಿನ ಬಿಟ್ಟು ಮತ್ತೆ ಕೂರೋಣ ಎಂಬ ಒಪ್ಪಂದ ಅವನಿಗೂ ಹಿಡಿಸಿತು. ಬೇಕು ಎನ್ನಲು ಇರುವ ಕಾರಣಗಳನ್ನೆಲ್ಲ ಬರೆಯಲು ಹೇಳಿದೆವು. ಮೂರು ಬಂದವು: ಗೊಬ್ಬರ ಮತ್ತು ಕಾಫಿ ಮೂಟೆ ಸಾಗಿಸುವುದು, ಶನಿವಾರ-ಭಾನುವಾರ ಪ್ರವಾಸಿಗರಿಗೆ ಬಾಡಿಗೆಗೆ ಬಿಡುವುದು, ಓಡಿಸುವ ಖುಷಿ. ಮೂರನೆಯದನ್ನು ಬರೆದು ಹೊಡೆದುಹಾಕಿದ್ದ. ಅದನ್ನು ವಾಪಸ್ ಬರೆಸಿದೆವು. ಖುಷಿಯೂ ಕಾರಣವೇ. ಅದನ್ನು ದುಡಿಮೆಯ ಹೆಸರಿನಡಿ ಬಚ್ಚಿಟ್ಟರೆ ಲೆಕ್ಕ ತಪ್ಪುತ್ತದೆ.

ಆಮೇಲೆ ಒಂದು ಹಾಳೆ ಕೊಟ್ಟು ಜಮೀನಿನ ನಕ್ಷೆ ಬರೆಯಿರಿ ಎಂದೆವು. ಮನೆ, ಪಕ್ಕದಲ್ಲಿ ಕಾಫಿ ಒಣಗಿಸುವ ಕಣ, ಮುಂದೆ ಪಂಚಾಯಿತಿ ರಸ್ತೆ, ರಸ್ತೆಯಾಚೆ ತೋಟ. ರಸ್ತೆಯನ್ನು ಎರಡು ಗೆರೆಯಲ್ಲಿ ಎಳೆದವನು ಪೆನ್ನು ಅಲ್ಲೇ ನಿಲ್ಲಿಸಿದ. ನಮ್ಮಲ್ಲಿ ಮಾರಾಟವಾಗುವ ಬಹುತೇಕ ಎಟಿವಿಗಳಿಗೆ ಆರ್‌ಸಿ ಆಗುವುದಿಲ್ಲ. ನೋಂದಣಿ ಇಲ್ಲದ ವಾಹನವನ್ನು ರಸ್ತೆಗೆ ಇಳಿಸಿದರೆ ಮೋಟಾರು ವಾಹನ ಕಾಯ್ದೆಯ 192ನೇ ಕಲಮಿನಡಿ ಮೊದಲ ಸಲ 5,000 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 10,000ದವರೆಗೆ ದಂಡ. ವಿಮೆ ಇಲ್ಲದ್ದಕ್ಕೆ 196ನೇ ಕಲಮಿನಡಿ ಮೊದಲ ಸಲ 2,000. ಕಾಯ್ದೆಯಲ್ಲಿ ಜೈಲಿನ ಮಾತೂ ಇದೆ. ದಂಡ ಸಣ್ಣ ವಿಷಯ. ರಸ್ತೆ ದಾಟುವಾಗ ಬೈಕಿನವನೊಬ್ಬನಿಗೆ ತಗುಲಿದರೆ ಪರಿಹಾರ ಕಟ್ಟಲು ವಿಮಾ ಕಂಪನಿ ಇರುವುದಿಲ್ಲ, ಮನೆಯವರೇ ಕಟ್ಟಬೇಕು. ರಸ್ತೆಯ ಅಗಲ ಬರೀ ಹನ್ನೆರಡು ಅಡಿ ಎಂದು ಹುಡುಗ ವಾದಿಸಿದ. ಆ ಹನ್ನೆರಡು ಅಡಿಯೂ ಸಾರ್ವಜನಿಕ ರಸ್ತೆಯೇ.

ರಸ್ತೆಯಾಚೆ ಹೋದ ಮೇಲಾದರೂ ಗಾಡಿ ಎಲ್ಲಿ ಓಡುತ್ತದೆ? ಎಟಿವಿಯ ಅಗಲ ಮೂರೂವರೆಯಿಂದ ನಾಲ್ಕು ಅಡಿ. ಅರೇಬಿಕಾ ಗಿಡಗಳ ಅಂತರ ಆರಾರು ಅಡಿ, ರೆಕ್ಕೆಗಳು (ಪಕ್ಕದ ಕೊಂಬೆಗಳು) ಒಂದಕ್ಕೊಂದು ತಾಕುತ್ತವೆ. ಸಾಲಿನ ನಡುವೆ ಮಳೆನೀರು ಇಂಗಿಸಲು ತೋಡಿದ ತೊಟ್ಟಿಲು ಗುಂಡಿ. ಅಡಿಕೆಯಲ್ಲಿ ಒಂಬತ್ತು ಅಡಿ ಅಂತರವಿದ್ದರೂ ಬಸಿಗಾಲುವೆ ಅಡ್ಡ ಬರುತ್ತದೆ. ಗಾಡಿ ತೋಟದ ದಾರಿಯಲ್ಲಷ್ಟೇ ಓಡೀತು, ಗಿಡದ ಬುಡಕ್ಕೆ ಹೊರುವ ಕೆಲಸ ಹಾಗೇ ಉಳಿಯುತ್ತದೆ. ಹೊರೆಯ ಮಾತೂ ಇದೆ. ಅವನು ತೋರಿಸಿದ ಫೋಟೊದಲ್ಲಿ ಹಿಂದಿನ ಕ್ಯಾರಿಯರ್ ಮೇಲೆ 30 ಕೆ.ಜಿ. ಮೀರಬಾರದು ಎಂಬ ಸ್ಟಿಕರ್ ಕಾಣುತ್ತಿತ್ತು. ಯೂರಿಯಾ ಚೀಲ 45 ಕೆ.ಜಿ., ಡಿಎಪಿ 50. ಆ ಭಾರವನ್ನು ಹಿಂದೆ ಎತ್ತರದಲ್ಲಿ ಹೇರಿ ಏರು ಹತ್ತಿದರೆ ಮುಂದಿನ ಚಕ್ರ ಹಗುರಾಗಿ ಮೇಲೇಳುತ್ತದೆ. ನಡುವೆ ಇಂಜಿನ್ ನಿಂತರೆ ಗಾಡಿ ಹಿಂದಕ್ಕೆ ಜಾರುತ್ತದೆ, ಗಾಬರಿಯಲ್ಲಿ ಹಿಂದಿನ ಬ್ರೇಕ್ ಹಿಡಿದರೆ ಸವಾರನ ಮೇಲೇ ಮಗುಚುತ್ತದೆ. ಇನ್ನೂರು ಕೆ.ಜಿ. ಎದೆಯ ಮೇಲೆ ಬೀಳುವ ಅಪಘಾತ ಇದು. ತೋಟದಲ್ಲಿ ಒಬ್ಬನೇ ಇದ್ದಾಗ ಆದರೆ ಎತ್ತುವವರೂ ಇರುವುದಿಲ್ಲ.

ಹಣದ ಲೆಕ್ಕವನ್ನು ಅವನ ಕೈಯಲ್ಲೇ ಬರೆಸಿದೆವು. 70,000 ಸಾಲ, ವರ್ಷಕ್ಕೆ ಶೇ 24 ಬಡ್ಡಿ, 24 ಕಂತು. ತಿಂಗಳ ಕಂತು 3,701, ಎರಡು ವರ್ಷದಲ್ಲಿ ಬಡ್ಡಿಯೇ ಸುಮಾರು 18,800. ಸಂಸ್ಕರಣಾ ಶುಲ್ಕ ಶೇ 3, ಅದರ ಮೇಲೆ ಜಿಎಸ್‌ಟಿ, ಒಟ್ಟು 2,478. ಇದನ್ನು ಮೊದಲೇ ಮುರಿದುಕೊಳ್ಳುವುದರಿಂದ ಖಾತೆಗೆ ಬರುವುದು 67,522 ಮಾತ್ರ. ಅಲ್ಲಿಗೇ ಗಾಡಿಯ ಬೆಲೆಗೆ ಕಡಿಮೆ ಬೀಳುತ್ತದೆ. ಇದನ್ನು ಅವನು ಗಮನಿಸಿರಲಿಲ್ಲ. ತಿಂಗಳ ಆದಾಯ ಮನೆಯಿಂದ 8,000, ಪಾಠದಿಂದ 4,000. ಪಿಜಿ ಮತ್ತು ಊಟ 6,500, ಬಸ್ 900, ಮೊಬೈಲ್ 300, ಜೆರಾಕ್ಸ್-ಪ್ರಾಜೆಕ್ಟ್ 800, ಇತರೆ 1,000. ಉಳಿಯುವುದು 2,500, ಕಟ್ಟಬೇಕಾದದ್ದು 3,701. ಪ್ರತಿ ತಿಂಗಳು 1,200 ರೂಪಾಯಿ ಖೋತಾ, ಅದೂ ಗಾಡಿಗೆ ಒಂದು ಲೀಟರ್ ಪೆಟ್ರೋಲ್ ಹಾಕುವ ಮೊದಲೇ.

ಬೆಲೆಯಲ್ಲಿ ಕಾಣದ ಖರ್ಚು ಸಾಗಣೆಯದು. ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ ಪ್ರತಿ ರಿಪೇರಿಗೂ ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡು ಪೇಟೆಗೆ ಹೋಗಬೇಕು, ಹೋಗಿಬರಲು ಅವರ ಊರಿನಿಂದ 2,500. ಮನೆಗೆ ತರುವ ಸಾಗಣೆಗೆ 4,000. ಹೆಲ್ಮೆಟ್, ಕೈಗವಸು, ಬೂಟು, ಎದೆಗವಚಕ್ಕೆ 9,000. ಟಯರು, ಬ್ಯಾಟರಿ, ಚೈನ್-ಸ್ಪ್ರಾಕೆಟ್, ಬ್ರೇಕ್ ಪ್ಯಾಡ್ ಎಂದು ಆರಂಭದ ಕೆಲಸಕ್ಕೆ 15,000. ಬಡ್ಡಿ, ಶುಲ್ಕ ಸೇರಿಸಿದರೆ 1,30,000ದ ಗಾಡಿ ಸುಮಾರು 1,79,300 ಆಗುತ್ತದೆ.

ಬಾಡಿಗೆಯಿಂದ ತಿಂಗಳಿಗೆ 6,400 ಬರುತ್ತದೆಂಬುದು ಅವನ ಅಂದಾಜು: ವಾರಕ್ಕೆ ಎಂಟು ಸುತ್ತು, ಸುತ್ತಿಗೆ 200. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಪರೀಕ್ಷೆಯ ವಾರಗಳು ಅದರಲ್ಲಿರಲಿಲ್ಲ. ಅವನು ಕಾಲೇಜಿನಲ್ಲಿರುವಾಗ ಗಾಡಿ ನೋಡಿಕೊಳ್ಳುವವರು ಯಾರು ಎಂಬುದೂ ಇರಲಿಲ್ಲ. ಹೆಚ್ಚಿನ ಎಟಿವಿಗಳು ಒಬ್ಬರಿಗಾಗಿ ಮಾಡಿದವು. ಈ ಗಾತ್ರದ ಗಾಡಿಗಳಲ್ಲಿ ಹೆಚ್ಚಾಗಿ ಹಿಂದಿನ ಎರಡೂ ಚಕ್ರ ಒಂದೇ ಆ್ಯಕ್ಸಲ್‌ಗೆ ಬಿಗಿದಿರುತ್ತವೆ, ತಿರುವಿನಲ್ಲಿ ಸವಾರ ಒಳಗಡೆಗೆ ವಾಲದಿದ್ದರೆ ಗಾಡಿ ನೇರಕ್ಕೇ ಎಳೆಯುತ್ತದೆ. ಮೊದಲ ಸಲ ಹ್ಯಾಂಡಲ್ ಹಿಡಿದವರಿಗೆ, ಅದೂ ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡವರಿಗೆ, ಇದು ಗೊತ್ತಿರುವುದಿಲ್ಲ. ಬಿದ್ದು ಕೈ ಮುರಿದರೆ ಜವಾಬ್ದಾರಿ ಗಾಡಿ ಕೊಟ್ಟವರದು, ಕೊನೆಗೆ ಅಪ್ಪನ ಜಮೀನಿನದು. ಈ ಕಾರಣವನ್ನು ಅವನೇ ಹೊಡೆದುಹಾಕಿದ.

ಇಷ್ಟಾದರೂ ಮುಖ ಸಪ್ಪಗಿತ್ತು. ಮೂಟೆ ಸಾಗಿಸುವ ಆಸೆ ಯಾವಾಗ ಶುರುವಾಯಿತು ಎಂದು ಕೇಳಿದಾಗ ನಿಜವಾದ ಮಾತು ಬಂತು. ಹಿಂದಿನ ರಜೆಯಲ್ಲಿ ಅಪ್ಪ ಗೊಬ್ಬರದ ಚೀಲ ಹೊತ್ತು ಏರು ಹತ್ತುವಾಗ ಮೂರು ಕಡೆ ನಿಂತರು, ಎಡ ಮಂಡಿ ಹಿಡಿದುಕೊಂಡು. ಕೇಳಿದರೆ ಏನಿಲ್ಲ ಎಂದರು. ಹುಡುಗನ ನಿದ್ದೆ ಕೆಡಿಸಿದ್ದು ಆ ಮಂಡಿ. ಅದಕ್ಕೆ ಅವನು ಹುಡುಕಿಕೊಂಡ ಔಷಧ ಎಟಿವಿ.

ಎರಡನೇ ಭೇಟಿಗೆ, ಹುಡುಗನ ಒಪ್ಪಿಗೆಯಿಂದ, ತಂದೆಯವರನ್ನು ಕರೆದೆವು. ಅವರು ಹೆಚ್ಚು ಮಾತಿನವರಲ್ಲ. "ನಂಗೆ ಗಾಡಿ ಬೇಡ ಮೇಡಂ. ಗೊಬ್ಬರ ಹಾಕೋ ನಾಲ್ಕು ದಿನ ಇಬ್ಬರು ಆಳು ಸಿಕ್ಕಿದ್ರೆ ಸಾಕು. ಇವ್ನು ಸಾಲ ಮಾಡ್ತಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದರು. ಮಗ ತಲೆ ತಗ್ಗಿಸಿದ. ಅಲ್ಲೇ ಕೂತು ಲೆಕ್ಕ ಹಾಕಿದೆವು. ಮಳೆಗೆ ಮುಂಚೆ ಎರಡು ದಿನ, ಮಳೆ ಕಳೆದ ಮೇಲೆ ಎರಡು ದಿನ. ಟ್ರೇಲರ್ ಸಮೇತ ಪವರ್ ಟಿಲ್ಲರ್ ಬಾಡಿಗೆ ದಿನಕ್ಕೆ 1,500, ಇಬ್ಬರು ಆಳಿಗೆ ತಲಾ 600. ವರ್ಷಕ್ಕೆ 10,800, ಎರಡು ವರ್ಷಕ್ಕೆ 21,600. ಹುಡುಗ ಕಟ್ಟಲಿದ್ದ ಬಡ್ಡಿ ಮತ್ತು ಶುಲ್ಕ ಸೇರಿ 21,300. ಹೆಚ್ಚುಕಡಿಮೆ ಆ ಬಡ್ಡಿ-ಶುಲ್ಕದ ದುಡ್ಡಿನಲ್ಲೇ ಎರಡು ವರ್ಷ ಅಪ್ಪ ಚೀಲ ಹೊರದೆ ಇರಬಹುದಿತ್ತು.

ನಾವು ಕೊಟ್ಟ ಸಲಹೆ ಹೀಗಿತ್ತು. ಈ ಗಾಡಿ ಬೇಡ, ಆ್ಯಪ್ ಸಾಲದ ಅರ್ಜಿಯನ್ನು ಇವತ್ತೇ ರದ್ದು ಮಾಡಿ. 60,000ದಲ್ಲಿ 10,800 ಈ ವರ್ಷದ ಹೊರೆ ಕೆಲಸಕ್ಕೆ. 25,000 ಮುಟ್ಟದ ಹಣ, ಎಫ್‌ಡಿಯಲ್ಲಿರಲಿ. ತಂದೆಯವರ ಮಂಡಿಯನ್ನು ತಿಂಗಳೊಳಗೆ ಮೂಳೆ ತಜ್ಞರಿಗೆ ತೋರಿಸಿ, ಎಲ್ಲಕ್ಕಿಂತ ತುರ್ತು ಇದೇ. ತೋಟದೊಳಗೆ ಯಂತ್ರ ಬೇಕೇ ಬೇಕೆನಿಸಿದರೆ ಮೋಟಾರ್ ಕೈಗಾಡಿ ನೋಡಿ. ಅದು ಎರಡಡಿ ದಾರಿಯಲ್ಲೂ ಹೋಗುತ್ತದೆ, ಸವಾರಿ ಮಾಡುವ ಅಪಾಯವಿಲ್ಲ. ಕೃಷಿ ಯಾಂತ್ರೀಕರಣದ ಸಹಾಯಧನದ ಪಟ್ಟಿಯಲ್ಲಿ ಅಂಥದ್ದು ಇದೆಯೇ ಎಂದು ಕೊಳ್ಳುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಕೊಂಡ ಮೇಲೆ ಕೇಳಿದರೆ ಉಪಯೋಗವಿಲ್ಲ. ಇನ್ನು ಖುಷಿಗೆ ವರ್ಷಕ್ಕೆ 3,000 ತೆಗೆದಿಡಿ, ತರಬೇತಿ ಮತ್ತು ಹೆಲ್ಮೆಟ್ ಕೊಡುವ ಆಫ್‌ರೋಡ್ ಟ್ರ್ಯಾಕಿನಲ್ಲಿ ಎರಡು ದಿನ ಮನಸಾರೆ ಓಡಿಸಿ.

ಜಮೀನು ಒಂದೇ ತುಂಡಾಗಿದ್ದು, ಸಾಲವಿಲ್ಲದೆ ಕೊಳ್ಳಬಲ್ಲವರಿಗೆ ಸಲಹೆ ಬೇರೆ ಇರುತ್ತಿತ್ತು. ಅಂಥವರು ಹಳೆ ಗಾಡಿ ನೋಡಲು ಹೋದಾಗ ಮೊದಲು ಇಂಜಿನ್ ಮುಟ್ಟಿ ನೋಡಬೇಕು. ಬಿಸಿ ಇದ್ದರೆ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ, ಇನ್ನೊಂದು ದಿನ ಬೆಳಿಗ್ಗೆ ಹೋಗಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ ಒಳಗೆ ನೀರು ಹೋಗಿದೆ, ಹಳ್ಳದಲ್ಲಿ ಮುಳುಗಿಸಿರಬಹುದು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ, ಕೆಸರಿನ ಗೆರೆ ಇದ್ದರೆ ಕಥೆ ಅದೇ. ಮುಂಭಾಗ ಜಾಕಿ ಮೇಲಿಟ್ಟು ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ, ಆಟವಿದ್ದರೆ (ಸಡಿಲವಾಗಿ ಅಲ್ಲಾಡಿದರೆ) ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಎಡ-ಬಲ ಹಿಡಿದಾಗ ಆಟವಿದ್ದರೆ ಹ್ಯಾಂಡಲ್‌ಗೂ ಚಕ್ರಕ್ಕೂ ಕೊಂಡಿಯಾದ ಟೈ ರಾಡ್ ಸವೆದಿದೆ. ಹಿಂಭಾಗ ಎತ್ತಿ ಚಕ್ರ ತಿರುಗಿಸಿದಾಗ ಓಲಾಡಿದರೆ ಆ್ಯಕ್ಸಲ್ ಬಾಗಿರಬಹುದು, ಅಂಥ ಗಾಡಿಯನ್ನು ಬಿಟ್ಟು ಬನ್ನಿ. ಮುಂದಿನ ಚಕ್ರವನ್ನು ಹಿಡಿದಿರುವ ಎ-ಆರ್ಮ್ ಸೇರುವಲ್ಲಿ ಚಾಸಿಗೆ ಹೊಸ ಬಣ್ಣ ಬಳಿದಿದ್ದರೆ ಅದರಡಿ ವೆಲ್ಡಿಂಗ್ ಹುಡುಕಿ. ಟಯರಿನ ಮೇಲಿನ ತಯಾರಿಕಾ ಸಂಕೇತದ (DOT) ಕೊನೆಯ ನಾಲ್ಕು ಅಂಕಿ 2318 ಎಂದಿದ್ದರೆ ಅದು 2018ರ 23ನೇ ವಾರದ್ದು. ಚಾಸಿ ಸಂಖ್ಯೆ ಇರುವ ಮೂಲ ಬಿಲ್ ಇಲ್ಲದಿದ್ದರೆ ವ್ಯವಹಾರವೇ ಬೇಡ, ಬಿಡಿಭಾಗ ಹುಡುಕುವಾಗಲೂ ಮಾಡೆಲ್ ಯಾವುದೆಂದು ತಿಳಿಯುವುದು ಅದರಿಂದಲೇ.

ನಾಲ್ಕು ವಾರದ ನಂತರ ಹುಡುಗ ಮತ್ತೆ ಬಂದ. ನಿದ್ದೆ ಬರುತ್ತಿದೆ. ಆಸೆ ಹೋಗಿಲ್ಲ, ಆ ಗಾಡಿಯ ಫೋಟೊ ಇನ್ನೂ ಮೊಬೈಲಿನಲ್ಲಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಮಾರುವವರು ಬೆಲೆ 1,10,000ಕ್ಕೆ ಇಳಿಸಿ ಫೋನ್ ಮಾಡಿದ್ದರಂತೆ. ಅವನೇ ಕೂತು 50,000 ಸಾಲಕ್ಕೆ ಕಂತಿನ ಲೆಕ್ಕ ಹಾಕಿದ: 2,644. ಉಳಿಯುವ 2,500ಕ್ಕಿಂತ ಇನ್ನೂ ಹೆಚ್ಚು. ಬೇಡವೆಂದು ಹೇಳಿ ಫೋನ್ ಇಟ್ಟೆ ಎಂದ. ತಂದೆಯವರ ಮಂಡಿಯ ಎಕ್ಸ್‌ರೇ ಆಗಿದೆ, ಮುಂದಿನ ವಾರ ಅವರನ್ನು ಫಿಸಿಯೋಥೆರಪಿಗೆ ಇವನೇ ಕರೆದುಕೊಂಡು ಹೋಗುತ್ತಿದ್ದಾನೆ.