‘ಅವನು’ ಅಂದರೆ ನಿಮಗೇನು ಕಷ್ಟ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಗೇ ಹಾಡುಗಾರರ ಬಗ್ಗೆ ಬಂದ ಲೇಖನ ಓದಿದೆ. ನನಗೆ ಯಾರ ಮೇಲೂ ದ್ವೇಷವಿಲ್ಲ. ಆದರೆ ಗಿಟಾರ್ ಹಿಡಿದು ತಾನೇ ಬರೆದು ಹಾಡುವವನು ಯಾರನ್ನು ಪ್ರೀತಿಸುತ್ತಾನೆ ಅನ್ನುವುದು ನನಗೇಕೆ? ‘ನೀನು’ ಅಂತ ಹಾಡಿದರೆ ಅದು ಎಲ್ಲರ ಹಾಡು. ಗಂಡಸೊಬ್ಬ ‘ಅವನು’ ಅಂತ ಹಾಡಿದ ಕೂಡಲೇ ನನ್ನಂಥವರು ಹೊರಗುಳಿಯುತ್ತೇವೆ. — ಒಬ್ಬ ಹಳೆಯ ಚಂದಾದಾರ

ಸಂಪಾದಕರ ಉತ್ತರ: ನಿಮ್ಮ ಪತ್ರ ಮೂರು ಸಲ ಓದಿದೆ. ಅಕ್ಷರ ಚೆಂದ, ವಾದವೂ ಚೆಂದ. ಹಳೆಯ ಚಂದಾದಾರರು ಅಂದ ಮೇಲೆ ಸ್ವಲ್ಪ ಜಗಳ ಆಡುವ ಸಲಿಗೆ ನನಗೂ ಇದೆ, ಅಲ್ವಾ?

ಮೊದಲು ನಿಮಗೆ ಸಲ್ಲಬೇಕಾದ್ದು ಕೊಟ್ಟುಬಿಡುತ್ತೇನೆ. ‘ನೀನು’ ಅನ್ನುವ ಪದಕ್ಕೆ ಶಕ್ತಿ ಇದೆ. ಇಂಗ್ಲೆಂಡಿನ ಪಂಕ್ ಬ್ಯಾಂಡ್ ಬಜ್‌ಕಾಕ್ಸ್‌ನ ಪೀಟ್ ಶೆಲ್ಲಿ 1978ರಲ್ಲಿ ಹಾಡಿದ, ಇವತ್ತಿಗೂ ಹಳಸದ ಪ್ರೇಮಗೀತೆಯಲ್ಲಿ ಎದುರಿಗಿರುವುದು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಶೆಲ್ಲಿ ಬೈಸೆಕ್ಷುವಲ್, ಅಂದರೆ ಗಂಡು ಹೆಣ್ಣು ಇಬ್ಬರತ್ತಲೂ ಒಲವಿದ್ದವರು. ಬೇಕೆಂದೇ ಹಾಗೆ ಬರೆದವರು. ಒಪ್ಪಿದೆ. ಆದರೆ ಅದೇ ಶೆಲ್ಲಿ 1981ರಲ್ಲಿ ಸ್ವಲ್ಪ ಬಾಯಿಬಿಟ್ಟು ಹಾಡಿದರು ನೋಡಿ, ಬಿಬಿಸಿ ಆ ಹಾಡನ್ನು ನಿಷೇಧಿಸಿತು. ಬೇಕೆಂದು ‘ನೀನು’ ಅನ್ನುವುದು ಬೇರೆ, ಬೇರೆ ದಾರಿಯಿಲ್ಲದೆ ‘ನೀನು’ ಅನ್ನುವುದು ಬೇರೆ. ನೀವು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ.

ಗಿಟಾರ್ ಸಂಗೀತದ ವಿಚಿತ್ರವೇ ಇದು. ಡಿಸ್ಕೋದಲ್ಲಿ ಥಳುಕು, ವೇಷ ಎಲ್ಲ ನಡೆಯುತ್ತದೆ. ಅಲ್ಲಿ ಯಾರೂ ಸತ್ಯಪ್ರಮಾಣ ಕೇಳುವುದಿಲ್ಲ. ಆದರೆ ಒಬ್ಬನೇ ಗಿಟಾರ್ ಹಿಡಿದು ‘ನಾನು’ ಅಂತ ಶುರುಮಾಡಿದವನ ಹತ್ತಿರ ನಾವು ನಿಜ ಕೇಳುತ್ತೇವೆ. ಅವನ ಡೈವೋರ್ಸು, ಕುಡಿತ, ಅಪ್ಪನ ಜೊತೆಗಿನ ಜಗಳ, ಎಲ್ಲ ಬೇಕು. ಹೆಂಡತಿಯ ಹೆಸರಿಟ್ಟು ಹಾಡು ಬರೆದರೆ ಕಣ್ಣೊರೆಸಿಕೊಳ್ಳುತ್ತೇವೆ. ಅದೇ ಗಂಡಸು ತನ್ನ ಗೆಳೆಯನ ಬಗ್ಗೆ ಬರೆದರೆ ಮಾತ್ರ ‘ಇದೆಲ್ಲ ಖಾಸಗಿ ವಿಷಯ’ ಅಂತೀವಿ. ಇದ್ಯಾವ ನ್ಯಾಯ?

‘ಹೊರಗುಳಿಯುತ್ತೇವೆ’ ಅಂದಿರಲ್ಲ, ಆ ಮಾತು ನನಗೆ ನಾಟಿತು. ಗೇ ಹುಡುಗನೊಬ್ಬ ಬೆಳೆಯುವಾಗ ಸಾವಿರ ಹಾಡು ಕೇಳಿರುತ್ತಾನೆ. ಎಲ್ಲ ಹುಡುಗಿಯರ ಮೇಲೆ ಬರೆದದ್ದು. ಅವನು ಸುಮ್ನೆ ಒಳಗೊಳಗೇ ಪದ ಬದಲಿಸಿಕೊಂಡು ಗುನುಗಿರುತ್ತಾನೆ. ಹೊರಗುಳಿದೆ ಅಂತ ಪತ್ರಿಕೆಗೆ ಪತ್ರ ಬರೆದವನಲ್ಲ. ನಿಮಗೆ ಆ ಕೆಲಸ ಒಂದೇ ಒಂದು ಹಾಡಿಗೆ ಬಿತ್ತು, ಅಷ್ಟಕ್ಕೇ ಸುಸ್ತಾದಿರಿ.

ಪ್ಯಾಟ್ರಿಕ್ ಹ್ಯಾಗರ್ಟಿಯ ಹೆಸರು ಕೇಳಿದ್ದೀರಾ? ಅಮೆರಿಕದ ವಾಷಿಂಗ್ಟನ್ ರಾಜ್ಯದ ಹಳ್ಳಿ ಹುಡುಗ, ಅಪ್ಪ ಹಸು ಸಾಕುತ್ತಿದ್ದ ರೈತ. 1950ರ ದಶಕದ ಕೊನೆ. ಶಾಲೆಯ ಕಾರ್ಯಕ್ರಮಕ್ಕೆ ಹುಡುಗ ಮುಖಕ್ಕೆಲ್ಲ ಮಿನುಗುಪುಡಿ ಬಳಿದುಕೊಂಡು ಹೋಗಿದ್ದ. ಅಪ್ಪ ಕೊಟ್ಟಿಗೆಯಿಂದ ಎದ್ದು ಹಾಗೇ ಬಂದ, ಪ್ಯಾಂಟಿಗೆಲ್ಲ ಸಗಣಿ. ದೂರದಿಂದ ಕಂಡದ್ದೇ ಹುಡುಗ ಅವಿತುಕೊಂಡ. ಮನೆಗೆ ಹೋಗುವಾಗ ಅಪ್ಪ ಮಿನುಗುಪುಡಿಗೆ ಬೈಯಲಿಲ್ಲ. ಮುಂದೆ ಯಾರ ಜೊತೆ ಓಡಾಡಿದರೂ ಕದ್ದುಮುಚ್ಚಿ ಮಾತ್ರ ಓಡಾಡಬೇಡ ಅಂದ. ಕದ್ದುಮುಚ್ಚಿ ಮಾಡಿದರೆ ತಪ್ಪು ಮಾಡುತ್ತಿದ್ದೇನೆ ಅಂತ ನೀನೇ ಒಪ್ಪಿದ ಹಾಗೆ ಅಂದ.

ಆ ಹುಡುಗ 1973ರಲ್ಲಿ ಸಿಯಾಟಲ್‌ನಲ್ಲಿ ‘ಲ್ಯಾವೆಂಡರ್ ಕಂಟ್ರಿ’ ಅನ್ನುವ ಆಲ್ಬಂ ತಂದ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ, ಮುಚ್ಚುಮರೆಯಿಲ್ಲದ ಗೇ ಹಾಡುಗಳು. ಒತ್ತಿದ್ದು ಒಂದು ಸಾವಿರ ಪ್ರತಿ. ಆಮೇಲೆ ದಶಕಗಟ್ಟಲೆ ಯಾರೂ ಕರೆಯಲಿಲ್ಲ. ವೃದ್ಧಾಶ್ರಮಗಳಲ್ಲಿ ಹಳೆಯ ಹಾಡು ಹಾಡಿಕೊಂಡಿದ್ದ. 2014ರಲ್ಲಿ ಆಲ್ಬಂ ಮತ್ತೆ ಬಿಡುಗಡೆಯಾದಾಗ ವಯಸ್ಸು ಎಪ್ಪತ್ತರ ಹತ್ತಿರ. ಸತ್ತದ್ದು 2022ರಲ್ಲಿ. ಅಪ್ಪನ ಮಾತು ಉಳಿಸಿಕೊಂಡ ಬೆಲೆ ನಲವತ್ತು ವರ್ಷ.

ಎಲ್ಲರಿಗೂ ಹೀಗೇ ಆಯಿತು ಅಂತಲ್ಲ. ಅಮೆರಿಕದ ರಾಕ್ ಹಾಡುಗಾರ್ತಿ ಮೆಲಿಸ್ಸಾ ಎಥೆರಿಜ್ 1993ರ ಜನವರಿಯಲ್ಲಿ ತಾನು ಲೆಸ್ಬಿಯನ್ ಅಂತ ವೇದಿಕೆಯಲ್ಲೇ ಹೇಳಿದರು. ಅದೇ ವರ್ಷದ ಆಲ್ಬಂ ಅಮೆರಿಕವೊಂದರಲ್ಲೇ 60 ಲಕ್ಷ ಪ್ರತಿ ದಾಟಿತು. ಹೆವಿ ಮೆಟಲ್ ಬ್ಯಾಂಡ್ ಜೂಡಾಸ್ ಪ್ರೀಸ್ಟ್‌ನ ಹಾಡುಗಾರ ರಾಬ್ ಹ್ಯಾಲ್‌ಫರ್ಡ್ 1998ರಲ್ಲಿ ತಾನು ಗೇ ಅಂತ ಹೇಳಿಕೊಂಡರು. ಚರ್ಮದ ಜಾಕೆಟ್ಟಿನ ಮೆಟಲ್ ಅಭಿಮಾನಿಗಳು ಅವರನ್ನೇನೂ ಬಿಟ್ಟು ಹೋಗಲಿಲ್ಲ. ಕೇಳುಗರು ನಾವಂದುಕೊಂಡಷ್ಟು ಪುಕ್ಕಲರಲ್ಲ. ಪುಕ್ಕಲರು ಮಧ್ಯದಲ್ಲಿ ಕೂತವರು: ರೇಡಿಯೊದವರು, ಕಂಪನಿಯವರು, ನನ್ನಂಥ ಸಂಪಾದಕರು.

ನಮ್ಮ ಪತ್ರಿಕೆಯವರ ಜಾತಿಯ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಮೆರಿಕದ ಹಸ್ಕರ್ ಡೂ ರಾಕ್ ಬ್ಯಾಂಡಿನ ಬಾಬ್ ಮೌಲ್ಡ್ ವರ್ಷಗಟ್ಟಲೆ ‘ನೀನು’ ಅಂತಲೇ ಬರೆದರು. 1994ರಲ್ಲಿ ಒಂದು ಪತ್ರಿಕೆಯ ಒತ್ತಡಕ್ಕೆ ಸಿಕ್ಕಿ ತಾನು ಗೇ ಅಂತ ಹೇಳಬೇಕಾಯಿತು. ಹೇಳದವನನ್ನು ಕೆದಕುವವರೂ ನಾವೇ, ಹೇಳಿದವನ ಹೆಸರಿನ ಹಿಂದೆ ‘ಗೇ ಹಾಡುಗಾರ’ ಅಂತ ಪಟ್ಟಿ ಅಂಟಿಸುವವರೂ ನಾವೇ. ವರ್ಷಕ್ಕೊಮ್ಮೆ ‘ಪ್ರೈಡ್ ತಿಂಗಳು’ ಅಂತ ಜೂನ್‌ನಲ್ಲಿ ಅವರದೊಂದು ಪ್ಲೇಲಿಸ್ಟ್, ಜುಲೈನಲ್ಲಿ ಮರೆವು. ಇನ್ನು ನಮ್ಮ ‘ಸಲಿಂಗಕಾಮಿ’ ಪದ! ಅದರೊಳಗೆ ಕಾಮ ಮಾತ್ರ ಇದೆ, ಪ್ರೀತಿಗೆ ಜಾಗವೇ ಇಲ್ಲ. ಈ ಪತ್ರಿಕೆಯಲ್ಲೂ ಅದನ್ನೇ ಅಚ್ಚು ಹಾಕಿದ್ದೇವೆ.

ನನ್ನದೂ ಒಂದಿದೆ. ನಾನು ಉಪಸಂಪಾದಕನಾಗಿದ್ದ ಕಾಲ. ಒಬ್ಬ ಹುಡುಗ ತಾನು ಬರೆದ ಹಾಡು ಕಳಿಸಿದ್ದ. ಸಾಲುಗಳ ಮೇಲೆ ಪೆನ್ಸಿಲ್‌ನಲ್ಲಿ ಗಿಟಾರ್ ಕಾರ್ಡ್‌ಗಳು, ಜಿ, ಸಿ, ಡಿ. ‘ಮಳೆಯಲ್ಲಿ ಬಂದ’ ಅಂತ ಶುರು. ಮುಂದೆ, ಎರಡು ದಿನದ ಗಡ್ಡ ಕೆನ್ನೆಗೆ ಚುಚ್ಚಿದ ಮಾತು. ಓದುಗರು ಗಲಿಬಿಲಿಯಾಗುತ್ತಾರೆ ಅಂದುಕೊಂಡೆ. ನಮ್ಮ ಭಾಷೆಯಲ್ಲಿ ‘ಅವನು’ ತೆಗೆದರೂ ಕ್ರಿಯಾಪದವೇ ಚಾಡಿ ಹೇಳುತ್ತದಲ್ಲ. ಕೆಂಪು ಪೆನ್ನಿನಲ್ಲಿ ‘ಬಂದ’ ಹೊಡೆದು ‘ಬಂದಳು’ ಮಾಡಿದೆ. ಒಂದು ಮಾತ್ರೆ ಜಾಸ್ತಿಯಾಯಿತು, ಕಾರ್ಡ್ ಬೀಳಬೇಕಾದ ಕಡೆ ಬೀಳಲಿಲ್ಲ. ಗಡ್ಡ ಹೊಡೆದು ಮುಂಗುರುಳು ಹಾಕಿದೆ. ಹಾಗೇ ಅಚ್ಚಾಯಿತು.

ಹದಿನೈದು ದಿನ ಬಿಟ್ಟು ಒಂದು ಅಂಚೆ ಕಾರ್ಡ್ ಬಂತು. ಬೈಗುಳ ಇರಲಿಲ್ಲ, ಸಹಿಯೂ ಇರಲಿಲ್ಲ. ‘ಸಾರ್, ಮುಂಗುರುಳು ಚುಚ್ಚುವುದಿಲ್ಲ.’ ಅಷ್ಟೇ. ಆಮೇಲೆ ಅವನು ನಮಗೆ ಏನನ್ನೂ ಕಳಿಸಲಿಲ್ಲ.