ಐವತ್ತೆಂಟು ಲಕ್ಷದ ಮಗ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.)

2025ರ ಆಗಸ್ಟ್. ಶನಿವಾರ ಬೆಳಗ್ಗೆ, ಹಾಸನದಲ್ಲಿ ನಾನು ಸಲಹೆ ಕೊಡುವ ಕೋಣೆಗೆ ಗಂಡ ಹೆಂಡತಿ ಬಂದು ಕೂತರು. ಇಬ್ಬರ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟಿದ್ದರು. ಆತ ಬೆಂಗಳೂರಿನಲ್ಲಿ ಎಂಜಿನಿಯರ್, ವಾರವೆಲ್ಲ ಪಿಜಿಯಲ್ಲಿದ್ದು ಶುಕ್ರವಾರ ರಾತ್ರಿ ಹಾಸನಕ್ಕೆ ಬರುತ್ತಾರೆ. ಆಕೆ ಇಲ್ಲೇ ಖಾಸಗಿ ಶಾಲೆಯಲ್ಲಿ ಟೀಚರ್, ಸಂಬಳ 26 ಸಾವಿರ. ನಾಲ್ಕು ವರ್ಷದ ಮಗಳಿದ್ದಾಳೆ. ಅತ್ತೆ ಮಾವ ಇರುವುದು ಅರಸೀಕೆರೆ ಕಡೆಯ ಹಳ್ಳಿಯಲ್ಲಿ, ತೆಂಗಿನ ತೋಟದ ಮನೆ.

ಆತನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿತ್ತು. ವರ್ಷಕ್ಕೆ 58,000 ಯೂರೋ. ಆಗ ಒಂದು ಯೂರೋಗೆ ಸುಮಾರು 100 ರೂಪಾಯಿ. ಖುಷಿಯಲ್ಲಿ ಅಪ್ಪನಿಗೆ ಫೋನ್ ಮಾಡಿ "ಐವತ್ತೆಂಟು ಲಕ್ಷ" ಅಂದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮುಂದಿನ ವಾರ ಊರಿಗೆ ಹೋದಾಗ ಕಟ್ಟೆಯ ಮೇಲಿದ್ದವರು "ಬಂದ್ನಪ್ಪ ಐವತ್ತೆಂಟು ಲಕ್ಷದ ಮಗ" ಅಂದರಂತೆ. ಆ ಮಾತಿನ ಬಿಸಿಯಲ್ಲೇ ಆತ ಅಪ್ಪನಿಗೆ ಮಾತು ಕೊಟ್ಟುಬಿಟ್ಟರು: ತಿಂಗಳಿಗೆ ಒಂದು ಲಕ್ಷ ಕಳಿಸುತ್ತೇನೆ. ಬೋರ್‌ವೆಲ್ ಸಾಲ ತೀರಲಿ, ಮನೆಗೆ ಮಹಡಿ ಏಳಲಿ.

ಆಕೆಗೆ ಇದು ತಿಳಿದದ್ದು ಅತ್ತೆಯ ಬಾಯಿಂದ. ಅವತ್ತಿನಿಂದ ಮಾತಿಲ್ಲ.

"ಲಕ್ಷ ಕಳಿಸೋದು ನಂಗೆ ಬೇಜಾರಲ್ಲ ಮೇಡಂ," ಅಂದರು. "ನಾನು ಕೆಲಸ ಬಿಡ್ತೀನಿ, ನನ್ನ ಸಂಬಳ ನಿಲ್ಲತ್ತೆ. ಅದನ್ನ ಒಬ್ರೂ ಲೆಕ್ಕಕ್ಕೇ ಹಿಡಿಲಿಲ್ಲ. ಹೋಗೋ ಖರ್ಚಿಗೆ ನನ್ನ ಒಡವೆ ಅಡ ಇಡೋಣ ಅಂದ್ರು, ಅದನ್ನೂ ಸುಮ್ನೆ ಹೇಳಿದ್ರು, ಕೇಳಲಿಲ್ಲ."

ಆತ ತಲೆ ಎತ್ತಲಿಲ್ಲ. ಕೆಟ್ಟ ಮನುಷ್ಯ ಅಲ್ಲ ಅಂತ ನನಗೆ ಆಗಲೇ ಅನ್ನಿಸಿತು. ಕೊಟ್ಟ ಮಾತು ಕುತ್ತಿಗೆಗೆ ಬಿದ್ದಿತ್ತು, ಅಷ್ಟೇ.

ನಾನು ಮೊದಲು ಹೇಳಿದ್ದು ಒಂದೇ: ಮುಂದಿನ ವಾರದವರೆಗೆ ಯಾವುದನ್ನೂ ನೂರರಿಂದ ಗುಣಿಸಬೇಡಿ. ಸಂಬಳ ಯೂರೋದಲ್ಲಿ ಬರುತ್ತದೆ, ಬಾಡಿಗೆಯೂ ಹಾಲೂ ಯೂರೋದಲ್ಲೇ. ಊರಿಗೆ ಬರುವ ದುಡ್ಡನ್ನು ಮಾತ್ರ ರೂಪಾಯಿ ಮಾಡಿ. ಅಲ್ಲಿರುವ ಗೆಳೆಯರನ್ನು ಕೇಳಿ ಇಬ್ಬರೂ ಸೇರಿ ಒಂದು ಹಾಳೆ ಬರೆದು ತನ್ನಿ.

ತಂದರು. 58,000 ಅನ್ನುವುದು ಕಡಿತಕ್ಕೆ ಮೊದಲಿನ ಮಾತು. ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ಆರೈಕೆ ವಿಮೆ ಎಲ್ಲ ಸೇರಿ ಸಂಬಳದ ಐದನೇ ಒಂದು ಭಾಗ ಹೋಗುತ್ತದೆ. ಮೇಲೆ ತೆರಿಗೆ. ದುಡಿಯದ ಹೆಂಡತಿ ಜೊತೆಗಿದ್ದರೆ ಅಲ್ಲಿ ತೆರಿಗೆ ಕಡಿಮೆ. ಹಾಗಿದ್ದೂ ಕೈಗೆ ಸಿಗುವುದು ತಿಂಗಳಿಗೆ ಸುಮಾರು 3,400. ಬಾಡಿಗೆಯಲ್ಲಿ ಎರಡು ಬಗೆ. ಬರೀ ಗೋಡೆಗಳಿಗೆ ತಣ್ಣನೆ ಬಾಡಿಗೆ. ಹೀಟರು, ನೀರು ಸೇರಿದರೆ ಬಿಸಿ ಬಾಡಿಗೆ. ಗೆಳೆಯರು ಹೇಳಿದ ಮನೆಗೆ ತಣ್ಣನೆಯದು 1,100, ಬಿಸಿಯದು 1,400. ಊಟಕ್ಕೆ 550. ಕರೆಂಟು, ಇಂಟರ್ನೆಟ್ಟಿಗೆ 120. ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ಕಟ್ಟಬೇಕಾದ ಪ್ರಸಾರ ಶುಲ್ಕ 18.36. ಇಬ್ಬರ ಬಸ್ಸು ರೈಲಿನ ಪಾಸು 116. ಮಗುವಿನ ಶಿಶುವಿಹಾರಕ್ಕೆ 200, ಬಟ್ಟೆ ಬರೆ ಇತ್ಯಾದಿಗೆ 250. ಮಗುವಿಗೆಂದು ಸರ್ಕಾರ 2025ರಲ್ಲಿ ತಿಂಗಳಿಗೆ 255 ಕೊಡುತ್ತಿತ್ತು, ಅದನ್ನೂ ಸೇರಿಸಿದ್ದರು. ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ಟಿಗೆ ತಿಂಗಳಿಗೆ 200 ಎತ್ತಿಟ್ಟ ಮೇಲೆ ಉಳಿದದ್ದು 800.

ಹಾಳೆ ಅಚ್ಚುಕಟ್ಟಾಗಿತ್ತು. ಆದರೆ ಅದರಲ್ಲಿ ಆಕೆಗೆ ಅಂತ ಒಂದು ಸಾಲೂ ಇರಲಿಲ್ಲ. ಅರ್ಧ ಬರೆದದ್ದು ಆಕೆಯೇ, ಆದರೂ ಇರಲಿಲ್ಲ. ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ, ಪ್ರತಿ ಸಲವೂ ಸಂಕಟವಾಗುತ್ತದೆ.

"ಜರ್ಮನ್ ಕಲಿಯೋಕೆ?" ಅಂತ ಕೇಳಿದೆ. ಬ್ಲೂ ಕಾರ್ಡ್ (ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ಪರವಾನಗಿ) ಮೇಲೆ ಹೋಗುವವರ ಹೆಂಡತಿಗೆ ವೀಸಾಗೆ ಭಾಷಾ ಪರೀಕ್ಷೆ ಬೇಕಿಲ್ಲ, ಅದಕ್ಕೇ ಬಿಟ್ಟಿದ್ದೆ ಅಂದರು ಆತ. ನಿಜ, ವೀಸಾಗೆ ಬೇಕಿಲ್ಲ. ಅಲ್ಲಿಗೆ ಹೋದ ದಿನದಿಂದ ಆಕೆ ಕೆಲಸವನ್ನೂ ಮಾಡಬಹುದು. ಆದರೆ ಮಕ್ಕಳಿಗೆ ಪಾಠ ಹೇಳಿ ಬದುಕಿದವಳು ಭಾಷೆ ಇಲ್ಲದೆ ಎಲ್ಲಿಗೆ ಹೋಗಬೇಕು? ಡಾಕ್ಟರ ಹತ್ತಿರ, ಮಗಳ ಶಾಲೆಯಲ್ಲಿ, ಎಲ್ಲದಕ್ಕೂ ಗಂಡನ ಬಾಯಿ ಕಾಯಬೇಕಾಗುತ್ತದೆ, ಅಲ್ವಾ? ಕ್ಲಾಸಿಗೆ ತಿಂಗಳಿಗೆ 250 ಬರೆಸಿದೆ. ಉಳಿದದ್ದು 550. ಈಗ ಗುಣಿಸಿ ಅಂದೆ. 55 ಸಾವಿರ ರೂಪಾಯಿ.

ಅದೂ ಮೊದಲ ತಿಂಗಳಿಂದಲ್ಲ. ಮನೆಗೆ ಮುಂಗಡವಾಗಿ ಮೂರು ತಿಂಗಳ ತಣ್ಣನೆ ಬಾಡಿಗೆವರೆಗೂ ಕೇಳಬಹುದು, ಅಂದರೆ 3,300. ಅಲ್ಲಿ ಎಷ್ಟೋ ಮನೆಗಳಿಗೆ ಅಡುಗೆಮನೆಯ ಒಲೆ, ಕಪಾಟು ಕೂಡ ಇರುವುದಿಲ್ಲ, ನಾವೇ ಹಾಕಿಸಿಕೊಳ್ಳಬೇಕು. ಸಂಬಳ ಬರುವುದು ತಿಂಗಳ ಕೊನೆಗೆ. ಇವರ ಕೈಯಲ್ಲಿದ್ದದ್ದು ಎಂಟು ಲಕ್ಷ. ಒಡವೆ ಮಾತು ಬಂದದ್ದೇ ಇಲ್ಲಿ.

ಒಡವೆ ಅಡ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಆಕೆಯ ಸಂಬಳ ನಿಲ್ಲುವ ಹೊತ್ತಿಗೇ ಒಡವೆಯೂ ಕೈಬಿಟ್ಟರೆ ಆಕೆಯದು ಅಂತ ಉಳಿಯುವುದೇನು? ಬದಲಿಗೆ ಆತ ಮೊದಲು ಒಬ್ಬರೇ ಹೋಗಲಿ, ಹಂಚಿಕೊಂಡ ಮನೆಯಲ್ಲಿ ಒಂದು ರೂಮು ಹಿಡಿಯಲಿ. ಹೆಂಡತಿ ಇಲ್ಲೇ ಇದ್ದಷ್ಟು ದಿನ ತೆರಿಗೆ ಜಾಸ್ತಿ, ಕೈಗೆ ಬರುವುದು ಮೂರು ಸಾವಿರದ ಚಿಲ್ಲರೆ. ಮಗುವಿನ 255 ಕೂಡ ಇಲ್ಲ. ಆದರೂ ಖರ್ಚು ಅರ್ಧಕ್ಕಿಂತ ಕಡಿಮೆ. ಆರು ತಿಂಗಳಲ್ಲಿ ಮುಂಗಡವೂ ಅಡುಗೆಮನೆಯೂ ಹುಟ್ಟುತ್ತವೆ. ಆಕೆ ಈ ವರ್ಷದ ಪಾಠ ಮುಗಿಸಲಿ, ಸಂಜೆ ಆನ್‌ಲೈನಿನಲ್ಲಿ ಜರ್ಮನ್ ಕಲಿಯಲಿ.

ಬ್ಯಾಂಕಿನ ವಿಷಯ ಬೇಗ ಮುಗಿಯಿತು. ಹೊರಡುವಾಗ ಇಲ್ಲಿನ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕು. ಪಿಎಫ್ ಮುರಿಸುವುದು ಬೇಡ. ಅಪ್ಪ ಅಮ್ಮನ ಆರೋಗ್ಯ ವಿಮೆಯನ್ನು ಹೊರಡುವ ಮೊದಲೇ ಮಾಡಿಸಬೇಕು.

ಕಷ್ಟದ್ದು ಉಳಿದಿತ್ತು. ಅಪ್ಪನಿಗೆ ಹೇಳಬೇಕು. ಫೋನಿನಲ್ಲಿ ಬೇಡ, ಕರೆದುಕೊಂಡು ಬನ್ನಿ ಅಂದೆ. ಮೂರನೇ ಸಲ ಅವರೂ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಮಗ ಹಾಳೆಯನ್ನು ಒಂದೊಂದೇ ಸಾಲು ಓದಿದರು. ಕೊನೆಗೆ ದನಿ ನಡುಗಿತು. "ಒಂದು ಲಕ್ಷ ಆಗಲ್ಲ ಅಪ್ಪ. ಮೂವತ್ತು ಸಾವಿರ ಆಗತ್ತೆ."

ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಲಕ್ಷ ಕೇಳ್ಲೇ ಇಲ್ವಲ್ಲ ಮಗ. ನೀನೇ ಅಂದೆ, ನಾನು ಹೂಂ ಅಂದೆ. ಬೋರಿನ ಸಾಲ ಮೂರೂವರೆ ಲಕ್ಷ. ಅದು ತೀರಿದ್ರೆ ಸಾಕು. ಮಹಡಿ ಹತ್ತೋರು ಯಾರಿದ್ದಾರೆ ಅಲ್ಲಿ?" ಆಮೇಲೆ ಸೊಸೆ ಕಡೆ ತಿರುಗಿ, "ಒಡವೆ ವಿಷ್ಯ ನಂಗೊತ್ತಿರ್ಲಿಲ್ಲ ಕಣಮ್ಮ" ಅಂದರು.

ಉಳಿಯುವ 550ರಲ್ಲಿ 300 ಊರಿಗೆ, 150 ಕಷ್ಟಕಾಲಕ್ಕೆ. ಬಾಕಿ 100 ಆಕೆಯ ಹೆಸರಿನ ಖಾತೆಗೆ. ಅದಕ್ಕೆ ಆಕೆ ಲೆಕ್ಕ ಕೊಡಬೇಕಿಲ್ಲ. ನೂರು ತೀರಾ ಸಣ್ಣ ಮೊತ್ತ, ನನಗೂ ಗೊತ್ತು. ಆಕೆ ಕೆಲಸ ಹಿಡಿಯುವವರೆಗೆ ಅದನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿ ಕಳಿಸಿದೆ.

ಆತ ನವೆಂಬರಿನಲ್ಲಿ ಹೊರಟರು. ಶಾಲೆ ಮುಗಿದ ಮೇಲೆ ಮತ್ತೆ ಅದೇ ಹಾಳೆ ಮುಂದಿಟ್ಟುಕೊಂಡು ಮಾತಾಡುವುದು ಎಂದು ತೀರ್ಮಾನವಾಗಿದೆ. ಆಗ ಹೋಗುವುದು ಬೇಡ ಅನ್ನಿಸಿದರೆ ಬೇಡ ಅನ್ನುವ ಹಕ್ಕು ಆಕೆಗಿದೆ. ಹಾಗೆಂದು ಆತನೇ ಹಾಳೆಯ ಕೆಳಗೆ ಬರೆದು ಸಹಿ ಹಾಕಿದ್ದಾರೆ.